ಅಡವಿಯ ಕಿರುಗೂಗೆ: ಒಂದು ಕೂಟಸಾಕ್ಷ್ಯದ ಚರಿತ್ರೆ

ನ್ಯಾಯಶಾಸ್ತ್ರದಲ್ಲಿ ಉಪಮಾನಪ್ರಮಾಣವನ್ನು ವಿವರಿಸುವಾಗ ಗವಯದ ದೃಷ್ಟಾಂತವನ್ನು ಹೇಳುವುದುಂಟು. ಊರಿನವನೊಬ್ಬನು ಗವಯವೆಂಬ ಕಾಡುಮೃಗವನ್ನು ಕಂಡವನಲ್ಲ. ಅರಣ್ಯವಾಸಿಯೊಬ್ಬನು ಅವನಿಗೆ ಗವಯವು ಗೋವಿನಂತೆ ಇರುವುದೆಂದು ತಿಳಿಸುತ್ತಾನೆ. ಆ ಮಾತನ್ನು ನೆನಪಿನಲ್ಲಿಟ್ಟುಕೊಂಡು ಅಡವಿಗೆ ಹೋದವನು, ಗೋವನ್ನು ಹೋಲುವ ಆದರೆ ಗೋವಲ್ಲದ ಪ್ರಾಣಿಯೊಂದನ್ನು ಕಂಡು, ಗವಯವೆಂಬ ಹೆಸರಿನದು ಇದೇ ಎಂದು ನಿಶ್ಚಯಿಸುತ್ತಾನೆ. ಹೆಸರಿಗೂ ಹೆಸರುಳ್ಳ ವಸ್ತುವಿಗೂ ಇರುವ ಸಂಬಂಧವನ್ನು ತಿಳಿಯುವುದೇ ಈ ಪ್ರಮಾಣದ ಫಲ. ಪಾಠಶಾಲೆಯ ವಿದ್ಯಾರ್ಥಿಗಳು ಕಂಠಪಾಠ ಮಾಡುವ ಈ ದೃಷ್ಟಾಂತವು ಮೇಲುನೋಟಕ್ಕೆ ಸರಳವಾದುದು. ಆದರೆ ಅದರಲ್ಲಿ ಎರಡು ನಿಯಮಗಳು ಅಡಗಿರುವುವು. ಹೇಳಿದ ಅರಣ್ಯವಾಸಿಯು ಸತ್ಯವಾದಿಯಾಗಿರಬೇಕು ಎಂಬುದು ಮೊದಲನೆಯದು. ಕೇಳಿದವನು ಹೋಲಿಕೆಯೊಡನೆ ಭೇದವನ್ನೂ ಗಮನಿಸಬಲ್ಲವನಾಗಿರಬೇಕು ಎಂಬುದು ಎರಡನೆಯದು. ಇವುಗಳಲ್ಲಿ ಒಂದು ಕೆಟ್ಟರೂ ಗವಯವು ಎದುರಿಗೆ ನಿಂತಾಗಲೂ ಕಾಣದು. ಇಲ್ಲವೆ ಕಂಡುದೆಲ್ಲ ಗವಯವಾಗಿ ತೋರುವುದು.

ಭಾರತದ ನಡುಭಾಗದ ತೇಗದ ಕಾಡುಗಳಲ್ಲಿ ವಾಸಿಸುವ ಒಂದು ಕಿರುಗೂಗೆಯ ಚರಿತ್ರೆಯಲ್ಲಿ ಈ ಎರಡು ಕೇಡುಗಳೂ ಸಂಭವಿಸಿದುವು. ೧೮೮೪ರ ತರುವಾಯ ೧೧೩ ವರ್ಷಗಳ ಪರ್ಯಂತ ಆ ಹಕ್ಕಿಯು ಯಾವ ಪಕ್ಷಿಶಾಸ್ತ್ರಜ್ಞನ ಕಣ್ಣಿಗೂ ನಿಸ್ಸಂದೇಹವಾಗಿ ಬೀಳಲಿಲ್ಲ. ಅದರ ಕುಲವೇ ಅಳಿದಿರಬಹುದೆಂದು ಬಲ್ಲವರು ಶಂಕಿಸಿದ್ದರು. ೧೯೯೭ರಲ್ಲಿ ಅದು ಮತ್ತೆ ಕಾಣಿಸಿತು. ಅಷ್ಟು ಕಾಲ ಕಾಣದೆ ಹೋದುದಕ್ಕೆ ಕಾಡಿನ ಗಹನತೆಯೊಂದೇ ಕಾರಣವಲ್ಲವೆಂದೂ, ಲೋಕಪ್ರಸಿದ್ಧನಾದ ಒಬ್ಬ ಸಂಗ್ರಾಹಕನು ಬರೆದ ಸುಳ್ಳು ಚೀಟಿಯೂ ಕಾರಣವೆಂದೂ ಗೊತ್ತಾದುದೇ ಈ ಚರಿತ್ರೆಯ ಸಾರಾಂಶ.

ಈ ಹಕ್ಕಿಯನ್ನು ಮೊದಲು ಶಾಸ್ತ್ರಲೋಕಕ್ಕೆ ಪರಿಚಯಿಸಿದವರು ಆಲನ್ ಆಕ್ಟೇವಿಯನ್ ಹ್ಯೂಮರು. ೧೮೮೫ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸನ್ನು ಸ್ಥಾಪಿಸಿದವರಲ್ಲಿ ಪ್ರಮುಖರೆಂದು ಅವರ ಹೆಸರು ಸುವಿದಿತವಾಗಿದೆ. ಅದಕ್ಕೂ ಮುಂಚೆ ಅವರು ಭಾರತದ ಪಕ್ಷಿಗಳ ಮಹಾಸಂಗ್ರಾಹಕರಾಗಿದ್ದರೆಂಬುದು ಅಷ್ಟು ಪ್ರಸಿದ್ಧವಲ್ಲ. 'ಸ್ಟ್ರೇ ಫೆದರ್ಸ್', ಎಂದರೆ ಉದುರುಗರಿಗಳು, ಎಂಬ ಹೆಸರಿನ ಪಕ್ಷಿಶಾಸ್ತ್ರ ಪತ್ರಿಕೆಯನ್ನು ಅವರು ತಾವೇ ಹೊರಡಿಸುತ್ತಿದ್ದರು. ದೇಶದ ಮೂಲೆಮೂಲೆಗಳಲ್ಲಿದ್ದ ಅಧಿಕಾರಿಗಳೂ ವೈದ್ಯರೂ ಭೂಶೋಧಕರೂ ಅವರಿಗೆ ಹಕ್ಕಿಗಳ ಚರ್ಮಗಳನ್ನು ಕಳುಹಿಸುತ್ತಿದ್ದರು. ಅಂಥವರಲ್ಲಿ ಒಬ್ಬರು ಎಫ್. ಆರ್. ಬ್ಲೆವಿಟ್. ಅವರು ೧೮೭೨ರ ಡಿಸೆಂಬರಿನಲ್ಲಿ ಇಂದಿನ ಛತ್ತೀಸಗಡ ರಾಜ್ಯಕ್ಕೆ ಸೇರಿದ ಬಸನಾ ಎಂಬ ಊರಿನ ಹತ್ತಿರ, ಫೂಲಝರ್ ಸೀಮೆಯಲ್ಲಿ, ಒಂದು ಕಿರುಗೂಗೆಯನ್ನು ಹೊಡೆದು ಸಂಗ್ರಹಿಸಿದರು. ಹ್ಯೂಮರು ಅದನ್ನು ಪರೀಕ್ಷಿಸಿ ತಮಗೆ ತಿಳಿದ ಯಾವ ಗೂಗೆಗೂ ಅದು ಸರಿಹೋಗದೆಂದು ಕಂಡು, ೧೮೭೩ರಲ್ಲಿ ಹೊಸ ಜಾತಿಯೆಂದು ಪ್ರಕಟಿಸಿದರು. ಸಂಗ್ರಾಹಕನ ಸ್ಮರಣೆಗಾಗಿ ಅದಕ್ಕೆ 'ಬ್ಲೆವಿಟ್ಟಿ' ಎಂಬ ಹೆಸರಿಟ್ಟರು. ಅಷ್ಟಕ್ಕೆ ನಿಲ್ಲದೆ ಅದಕ್ಕಾಗಿಯೇ 'ಹೆಟೆರೋಗ್ಲಾಕ್ಸ್' ಎಂಬ ಪ್ರತ್ಯೇಕ ಕುಲವನ್ನೂ ಕಲ್ಪಿಸಿದರು. ಗ್ರೀಕ್ ಭಾಷೆಯ ಈ ಪದಕ್ಕೆ 'ಬೇರೆ ಬಗೆಯ ಗೂಗೆ' ಎಂದು ಅರ್ಥ.

ಬ್ಲೆವಿಟ್ಟರ ತರುವಾಯ, ೧೮೭೭ರಲ್ಲಿ, ಭೂಗರ್ಭಶೋಧನ ಇಲಾಖೆಯ ವಿದ್ವಾಂಸರಾದ ವ್ಯಾಲೆಂಟೈನ್ ಬಾಲರಿಗೆ ಇಂದಿನ ಒಡಿಶಾದ ಖರಿಯಾರ್ ಪ್ರಾಂತದಲ್ಲಿ ಮತ್ತೊಂದು ಸಿಕ್ಕಿತು. ಆಮೇಲೆ ಪಶ್ಚಿಮಕ್ಕೆ ಬಹುದೂರದಲ್ಲಿ, ತಾಪೀ ನದಿಗೂ ಸಾತಪುಡಾ ಬೆಟ್ಟಗಳಿಗೂ ನಡುವಣ ಖಾನದೇಶದಲ್ಲಿ, ಜೇಮ್ಸ್ ಡೇವಿಡ್‌ಸನ್ನರು ೧೮೮೦ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅದೇ ಹಕ್ಕಿಯನ್ನು ಹಲವು ಬಾರಿ ಸಂಗ್ರಹಿಸಿದರು. ಈ ಡೇವಿಡ್‌ಸನ್ನರು ಮುಂಬಯಿ ಆಧಿಪತ್ಯದ ಸಿವಿಲ್ ಅಧಿಕಾರಿಗಳು. ತರುವಾಯ ಉತ್ತರ ಕನ್ನಡ ಜಿಲ್ಲೆಗೆ ಬಂದು ಅಲ್ಲಿನ ಕಾಡುಗಳನ್ನು ಸುತ್ತಿ, ಆ ಸೀಮೆಯ ಪಕ್ಷಿಗಳನ್ನು ಕುರಿತು ಅವರು ೧೮೯೮ರಲ್ಲಿ ಪ್ರಕಟಿಸಿದ ಲೇಖನಗಳು ಇಂದಿಗೂ ಕನ್ನಡನಾಡಿನ ಪಕ್ಷಿಶಾಸ್ತ್ರಕ್ಕೆ ಆಧಾರಗಳಾಗಿವೆ. ಹಕ್ಕಿಯ ಚರ್ಮವನ್ನು ಸುಲಿದು, ಒಳಗೆ ಅರಳೆ ತುಂಬಿ, ಹೊಲಿದು, ಕಾಲಿಗೆ ಊರನ್ನೂ ತಾರೀಖನ್ನೂ ಬರೆದ ಚೀಟಿಯನ್ನು ಕಟ್ಟಿಡುವುದು ಆ ಕಾಲದ ಸಂಗ್ರಾಹಕರ ಪದ್ಧತಿ. ಬಡಗಿಯ ಉಳಿಯ ಗುರುತಿನಂತೆ ಒಬ್ಬೊಬ್ಬ ಸಂಗ್ರಾಹಕನ ಕೈಕೆಲಸಕ್ಕೂ ಒಂದೊಂದು ರೂಢಿಯಿರುತ್ತದೆ. ಈ ಸಣ್ಣ ಸಂಗತಿಯು ಮುಂದೆ ಮುಖ್ಯವಾಗುವುದು.

೧೮೭೨ರಿಂದ ೧೮೮೪ರ ವರೆಗೆ ಹೀಗೆ ಲೋಕದ ವಸ್ತುಸಂಗ್ರಹಾಲಯಗಳಿಗೆ ಸೇರಿದ ಈ ಕಿರುಗೂಗೆಯ ಚರ್ಮಗಳು ಏಳೇ ಏಳು. ಹ್ಯೂಮರ ಸಂಗ್ರಹವು ೧೮೮೫ರಲ್ಲಿ ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಹೋಯಿತು. ಅವರು ಬಹುವರ್ಷ ಶ್ರಮಿಸಿ ಬರೆದಿದ್ದ ಭಾರತೀಯ ಪಕ್ಷಿಗಳ ಮಹಾಗ್ರಂಥದ ಹಸ್ತಪ್ರತಿಯ ಬಹುಭಾಗವನ್ನು ಸಿಮ್ಲಾದ ಮನೆಯಿಂದ ಕದ್ದು ರದ್ದಿಯ ಕಾಗದವಾಗಿ ಮಾರಿಬಿಟ್ಟಿದ್ದುದರಿಂದ, ಮನಸ್ಸು ಮುರಿದು ಅವರು ಪಕ್ಷಿಶಾಸ್ತ್ರವನ್ನೇ ಬಿಟ್ಟಿದ್ದರು. ಅಲ್ಲಿಂದ ಮುಂದೆ ಈ ಗೂಗೆಯನ್ನು ಅರಸುವವರೂ ಇಲ್ಲದೆ ಹೋದರು.

ಈ ಹಕ್ಕಿಯನ್ನು ಗುರುತಿಸುವುದು ಏಕೆ ಕಷ್ಟವೆಂಬುದನ್ನು ಇಲ್ಲಿ ಹೇಳಬೇಕು. ಅದು ವಾಸಿಸುವ ಸೀಮೆಯಲ್ಲಿಯೇ ಅದನ್ನು ಹೋಲುವ ಇನ್ನೆರಡು ಕಿರುಗೂಗೆಗಳಿವೆ. ಒಂದು, ಚುಕ್ಕೆಯ ಕಿರುಗೂಗೆ. ಕನ್ನಡದಲ್ಲಿ ಅದನ್ನು ಹಾಲಕ್ಕಿಯೆಂದು ಕರೆಯುವರು. ಹಾಲಕ್ಕಿ ನುಡಿಯಿತೆಂದು ಬುಡುಬುಡಿಕೆಯವರು ಮನೆಮನೆಯ ಮುಂದೆ ಭವಿಷ್ಯ ಹೇಳುವುದು ಇದರ ಹೆಸರಿನಲ್ಲಿಯೇ. ಊರ ಹತ್ತಿರದ ಆಲ, ಹುಣಿಸೆ, ಮಾವುಗಳ ಪೊಟರೆಗಳಲ್ಲಿಯೂ ಹಾಳು ಗೋಡೆಗಳ ಸಂದುಗಳಲ್ಲಿಯೂ ವಾಸಿಸುವ ಈ ಹಕ್ಕಿ ಎಲ್ಲರಿಗೂ ಪರಿಚಿತ. ಇನ್ನೊಂದು, ಮೈಯೆಲ್ಲ ಅಡ್ಡಪಟ್ಟೆಗಳುಳ್ಳ ಕಾಡಿನ ಪಟ್ಟೆಗೂಗೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಇದರ ಕೂಗು ಸಾಮಾನ್ಯ. ಮೂರನೆಯದಾದ ಬ್ಲೆವಿಟ್ಟರ ಗೂಗೆಯು ಇವೆರಡಕ್ಕಿಂತ ಕೊಂಚ ದೊಡ್ಡದು. ಉದ್ದ ಸುಮಾರು ೨೩ ಸೆಂಟಿಮೀಟರು, ಎಂದರೆ ಒಂಬತ್ತು ಅಂಗುಲ. ಹಾಲಕ್ಕಿಯು ಅದಕ್ಕಿಂತ ಎರಡು ಸೆಂಟಿಮೀಟರು ಮಾತ್ರ ಗಿಡ್ಡ. ಮರದ ಮೇಲೆ ಕುಳಿತ ಹಕ್ಕಿಯಲ್ಲಿ ಈ ಅಂತರವನ್ನು ಅಳೆದು ನೋಡುವುದು ಯಾರಿಂದಲೂ ಆಗದು.

ಆದುದರಿಂದ ನೈಯಾಯಿಕರು ಹೇಳುವಂತೆ ಸಾಧರ್ಮ್ಯವನ್ನು ಬಿಟ್ಟು ವೈಧರ್ಮ್ಯವನ್ನು ಹಿಡಿಯಬೇಕು. ಹಾಲಕ್ಕಿಯ ನೆತ್ತಿಯ ಮೇಲೆಯೂ ಬೆನ್ನಿನ ಮೇಲೆಯೂ ಬಿಳಿಯ ಚುಕ್ಕೆಗಳು ದಟ್ಟವಾಗಿರುವುವು. ಬ್ಲೆವಿಟ್ಟರ ಗೂಗೆಯ ನೆತ್ತಿಯು ಬೂದುಗಂದುಬಣ್ಣದ್ದು; ಅದರಲ್ಲಿ ಚುಕ್ಕೆಗಳು ಇದ್ದರೂ ಇಲ್ಲವೆನ್ನುವಷ್ಟು ಮಸುಕು. ಹಾಲಕ್ಕಿಯ ಕತ್ತಿನ ಹಿಂಭಾಗದಲ್ಲಿ ಬೆಳ್ಳನೆಯ ಪಟ್ಟಿಯೊಂದು ಎದ್ದು ಕಾಣುತ್ತದೆ. ಇದರಲ್ಲಿ ಅದು ಸ್ಫುಟವಾಗಿಲ್ಲ. ಹಾಲಕ್ಕಿಯ ಹೊಟ್ಟೆಯಲ್ಲಿ ಕಂದುಗೆರೆಗಳಿದ್ದರೆ, ಇದರ ಎದೆಯು ಗಾಢವಾದ ಕಂದುಬಣ್ಣದ್ದು, ಅದರ ಕೆಳಗಣ ಹೊಟ್ಟೆಯ ನಡುಭಾಗವು ಅಚ್ಚಬಿಳುಪು. ರೆಕ್ಕೆಯಲ್ಲಿಯೂ ಬಾಲದಲ್ಲಿಯೂ ಅಗಲವಾದ ಕಪ್ಪು ಬಿಳಿ ಪಟ್ಟೆಗಳಿರುವುವು. ತಲೆಬುರುಡೆಯೂ ಕೊಕ್ಕೂ ಮೈಗೆ ಮೀರಿದ ದಪ್ಪ. ಕಾಲುಗಳಿಗೆ ಬಿಳಿಯ ಗರಿಗಳು ದಟ್ಟವಾಗಿ ಮುಸುಕಿ, ಉಣ್ಣೆಯ ಕಾಲುಚೀಲ ತೊಟ್ಟಂತೆ ತೋರುವುವು. ಒಂದೊಂದು ಲಕ್ಷಣವೂ ಸಣ್ಣದೇ. ಆದರೆ ಎಲ್ಲವೂ ಒಂದೆಡೆ ಸೇರಿದಾಗ ಸಂದೇಹಕ್ಕೆ ಅವಕಾಶವಿರದು.

ಈ ಲಕ್ಷಣಗಳನ್ನು ಅರಿಯದೆ ನೋಡಿದರೆ ಏನಾಗುವುದೆಂಬುದಕ್ಕೆ ೧೯೬೮ರ ಒಂದು ಪ್ರಸಂಗವು ಸಾಕ್ಷಿ. ಆ ವರ್ಷ ಈ ಹಕ್ಕಿಯದೆಂದು ಒಂದು ಛಾಯಾಚಿತ್ರವು ಪ್ರಚಾರಕ್ಕೆ ಬಂದಿತು. ಪರೀಕ್ಷಿಸಿದಾಗ ಅದು ಸಾಮಾನ್ಯವಾದ ಹಾಲಕ್ಕಿಯದೆಂದು ಗೊತ್ತಾಯಿತು. ಮರೀಚಿಕೆಯಲ್ಲಿ ನೀರನ್ನು ಕಾಣುವಂತೆ, ಬಯಸಿದುದನ್ನು ಕಂಡುದರಲ್ಲಿ ಆರೋಪಿಸುವುದು ಮನುಷ್ಯಸ್ವಭಾವ. ಇಲ್ಲಿ ಯಾರದೂ ದುರುದ್ದೇಶವಿರಲಿಲ್ಲ. ಭ್ರಾಂತಿಯು ತಿಳಿವಿನಿಂದ ನಿವಾರಣೆಯಾಯಿತು. ಆದರೆ ಇದಕ್ಕಿಂತ ಗಹನವಾದ ಮತ್ತೊಂದು ಕೇಡು ಗ್ರಂಥಗಳ ಒಳಗೇ ಸೇರಿಕೊಂಡು ಯಾರಿಗೂ ಕಾಣದೆ ಕುಳಿತಿತ್ತು.

ಕರ್ನಲ್ ರಿಚರ್ಡ್ ಮೈನರ್ಟ್‌ಜ್ಹಾಗನ್ ಎಂಬಾತನು ೧೮೭೮ರಲ್ಲಿ ಹುಟ್ಟಿ ೧೯೬೭ರ ವರೆಗೆ ಬಾಳಿದ ಆಂಗ್ಲ ಸೇನಾನಿ. ಬೇಹುಗಾರಿಕೆಯಲ್ಲಿ ನಿಪುಣನೆಂದೂ, ಸಾಹಸಿಯೆಂದೂ, ಪಕ್ಷಿಶಾಸ್ತ್ರದಲ್ಲಿ ಅಗ್ರಗಣ್ಯನೆಂದೂ ಆತನ ಖ್ಯಾತಿ. ತನ್ನ ಸುಮಾರು ೨೦,೦೦೦ ಪಕ್ಷಿಚರ್ಮಗಳ ಸಂಗ್ರಹವನ್ನು ಆತನು ೧೯೫೪ರಲ್ಲಿ ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟನು. ಅವುಗಳಲ್ಲಿ ಬ್ಲೆವಿಟ್ಟರ ಗೂಗೆಯ ಚರ್ಮವೊಂದಿತ್ತು. ಗುಜರಾತದ ಮಾಂಡವಿಯಲ್ಲಿ, ತಾಪೀನದಿಯ ಬಳಿ, ೧೯೧೪ರ ಅಕ್ಟೋಬರಿನಲ್ಲಿ ಸಂಗ್ರಹಿಸಿದುದೆಂದು ಅದರ ಚೀಟಿಯು ಸಾರುತ್ತಿತ್ತು. ಅಲ್ಲಿಂದ ಮುಂದೆ ಎಲ್ಲ ಗ್ರಂಥಗಳಲ್ಲಿಯೂ ಈ ಹಕ್ಕಿಯು ಕಡೆಯ ಸಾರಿ ಸಿಕ್ಕಿದ್ದು ೧೯೧೪ರಲ್ಲಿ, ಸಿಕ್ಕಿದ ಊರು ಮಾಂಡವಿ ಎಂದೇ ಬರೆಯುವುದು ರೂಢಿಯಾಯಿತು. ಸಾಲೀಮ್ ಅಲಿಯವರೂ ಅಮೆರಿಕದ ಡಿಲನ್ ರಿಪ್ಲೆಯವರೂ ೧೯೭೦ರ ದಶಕದಲ್ಲಿ ಈ ಗೂಗೆಗಾಗಿ ಹುಡುಕಾಟ ನಡೆಸಿದರು. ಅಂಥ ಅನುಭವಿಗಳ ಪ್ರಯತ್ನವೂ ವ್ಯರ್ಥವಾಯಿತು. ಹಿಂದಿನ ಹುಡುಕಾಟಗಾರರಿಗೆ ದಾರಿ ತೋರಿಸಿದ ದಾಖಲೆಗಳಲ್ಲಿ ಮಾಂಡವಿಯ ಈ ಚೀಟಿಯೂ ಒಂದಾಗಿತ್ತು.

ಮೈನರ್ಟ್‌ಜ್ಹಾಗನನ ಮೇಲೆ ಸಂದೇಹವು ಹೊಸದಲ್ಲ. ಅಪ್ಪಣೆಯಿಲ್ಲದೆ ಚರ್ಮಗಳನ್ನು ಹೊರಗೆ ಒಯ್ದನೆಂಬ ಕಾರಣದಿಂದ ೧೯೧೯ರಲ್ಲಿಯೇ ಆತನಿಗೆ ಆ ಸಂಗ್ರಹಾಲಯದ ಪಕ್ಷಿಶಾಲೆಗೆ ಸುಮಾರು ಒಂದೂವರೆ ವರ್ಷ ಪ್ರವೇಶವನ್ನು ನಿಷೇಧಿಸಲಾಗಿತ್ತು. ಆದರೂ ಆತನ ಪದವಿಯೂ ಪ್ರತಿಷ್ಠೆಯೂ ಆ ಮಾತನ್ನು ಮುಚ್ಚಿದ್ದುವು. ೧೯೯೩ರಲ್ಲಿ ಆಲನ್ ನಾಕ್ಸ್ ಎಂಬ ವಿದ್ವಾಂಸರು ಆತನ ಸಂಗ್ರಹದ ಮತ್ತೊಂದು ಬಗೆಯ ಹಕ್ಕಿಗಳನ್ನು ಪರೀಕ್ಷಿಸಿ, ಅವು ಹಳೆಯ ಸಂಗ್ರಹಗಳಿಂದ ಕದ್ದು ಹೊಸ ಚೀಟಿ ಕಟ್ಟಿದವೆಂದು ತೋರಿಸಿಕೊಟ್ಟರು. ಆಗ, ದಕ್ಷಿಣ ಏಷ್ಯದ ಪಕ್ಷಿಗಳ ಗ್ರಂಥವನ್ನು ಸಿದ್ಧಪಡಿಸುತ್ತಿದ್ದ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಪಮೇಲಾ ರಾಸ್ಮುಸೆನ್ನರಿಗೆ ಒಂದು ಪ್ರಶ್ನೆ ಎದ್ದಿತು. ಹಾಗಾದರೆ ಈತನ ಭಾರತೀಯ ದಾಖಲೆಗಳ ಗತಿಯೇನು? ಅವುಗಳಲ್ಲಿ ಮುಖ್ಯವಾದುದು ಈ ಗೂಗೆಯ ೧೯೧೪ರ ಚರ್ಮ.

ರಾಸ್ಮುಸೆನ್ನರೂ ನೈಜೆಲ್ ಕಾಲರರೂ ಆ ಚರ್ಮವನ್ನು ಕ್ಷಕಿರಣದಿಂದಲೂ ಸೂಕ್ಷ್ಮದರ್ಶನದಿಂದಲೂ ಪರೀಕ್ಷಿಸಿದರು. ಅದು ಒಮ್ಮೆ ಸಿದ್ಧವಾಗಿದ್ದ ಚರ್ಮ. ಅದರ ಹಳೆಯ ಹೊಲಿಗೆಯನ್ನು ಬಿಚ್ಚಿ, ಒಳಗಣ ಅರಳೆಯನ್ನು ತೆಗೆದು, ಬೇರೆ ರೂಪದಲ್ಲಿ ಮತ್ತೆ ತುಂಬಿ ಹೊಲಿದಿದ್ದಿತು. ಆದರೆ ಮೊದಲನೆಯ ಕೈಗೆಲಸದ ಗುರುತುಗಳು ಪೂರ್ತಿ ಅಳಿದಿರಲಿಲ್ಲ. ಆ ಗುರುತುಗಳು ಡೇವಿಡ್‌ಸನ್ನರ ರೂಢಿಗೆ ಸರಿಹೊಂದಿದುವು. ಖಾನದೇಶದಲ್ಲಿ ಮೂವತ್ತು ವರ್ಷ ಮುಂಚೆ ಡೇವಿಡ್‌ಸನ್ನರು ಸಂಗ್ರಹಿಸಿದ್ದ ಚರ್ಮವನ್ನೇ ಸಂಗ್ರಹಾಲಯದಿಂದ ಅಪಹರಿಸಿ, ಬಿಚ್ಚಿ ಹೊಲಿದು, ಸುಳ್ಳು ಊರನ್ನೂ ಸುಳ್ಳು ತಾರೀಖನ್ನೂ ಬರೆದು, ಮತ್ತೆ ಅದೇ ಸಂಗ್ರಹಾಲಯಕ್ಕೆ ದಾನಮಾಡಿ ಕೀರ್ತಿ ಪಡೆದುದು ಹೀಗೆ ಸಿದ್ಧವಾಯಿತು. ಈ ಶೋಧನೆಯು ೧೯೯೯ರಲ್ಲಿ ಪ್ರಕಟವಾಯಿತು.

ಕನ್ನಡನಾಡಿನ ಇತಿಹಾಸವನ್ನು ಬಲ್ಲವರಿಗೆ ಈ ವಿಧಾನವು ಅಪರಿಚಿತವಲ್ಲ. ತಾಮ್ರಶಾಸನಗಳಲ್ಲಿ ಕೂಟಶಾಸನಗಳೆಂಬ ಒಂದು ವರ್ಗವೇ ಉಂಟು. ಭೂಮಿಯ ಹಕ್ಕಿಗಾಗಿಯೋ ಮನೆತನದ ಹಿರಿಮೆಗಾಗಿಯೋ ಹಿಂದಿನ ಅರಸರ ಹೆಸರಿನಲ್ಲಿ ಬರೆಯಿಸಿದ ಪಟಗಳವು. ಜೆ. ಎಫ್. ಫ್ಲೀಟರು ೧೯೦೧ರಲ್ಲಿ ಅಂಥ ಶಾಸನಗಳ ಪಟ್ಟಿಯನ್ನು ಪ್ರಕಟಿಸಿದರು. ತಲಕಾಡಿನ ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟವೆಂಬ ಅವರ ವಾದವನ್ನು ಬಿ. ಎಲ್. ರೈಸರು ಒಪ್ಪಲಿಲ್ಲ; ಆ ಚರ್ಚೆಯು ಬಹುಕಾಲ ನಡೆಯಿತು. ಲಿಪಿಯ ವಯಸ್ಸು ತಾರೀಖಿಗೆ ಒಪ್ಪುವುದೇ, ತಿಥಿವಾರಗಳು ಕೂಡುವುವೇ, ವಂಶಾವಳಿಯು ಇತರ ಶಾಸನಗಳೊಡನೆ ಹೊಂದುವುದೇ ಎಂದು ಪಂಡಿತರು ಪರೀಕ್ಷಿಸುವ ಕ್ರಮಕ್ಕೂ, ಹೊಲಿಗೆಯೂ ಅರಳೆಯೂ ಚೀಟಿಗೆ ಒಪ್ಪುವುದೇ ಎಂದು ಪಕ್ಷಿಶಾಸ್ತ್ರಜ್ಞರು ಪರೀಕ್ಷಿಸಿದ ಕ್ರಮಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಬರೆದಿರುವುದು ಏನು ಹೇಳುತ್ತದೆಂಬುದನ್ನು ಮಾತ್ರವಲ್ಲ, ಬರೆದ ವಸ್ತುವೇ ಏನು ಹೇಳುತ್ತದೆಂಬುದನ್ನೂ ಕೇಳಬೇಕು.

ಈ ಪರೀಕ್ಷೆಯಿಂದ ಆದ ಲಾಭವು ಕಳ್ಳನನ್ನು ಹಿಡಿದುದಷ್ಟೇ ಅಲ್ಲ. ಕೂಟಸಾಕ್ಷ್ಯವನ್ನು ತೆಗೆದುಹಾಕಿದ ಮೇಲೆ ಉಳಿದುವು ಸತ್ಯವಾದ ದಾಖಲೆಗಳು ಮಾತ್ರ. ಅವು ತೋರಿಸುವ ಸೀಮೆಗಳು ಎರಡು: ಪೂರ್ವದಲ್ಲಿ ಫೂಲಝರ್ ಮತ್ತು ಖರಿಯಾರ್, ಪಶ್ಚಿಮದಲ್ಲಿ ಖಾನದೇಶ. ಮಾಂಡವಿಯನ್ನು ಬಿಟ್ಟು ಇವನ್ನೇ ಹುಡುಕಬೇಕೆಂದು ರಾಸ್ಮುಸೆನ್ನರು ನಿರ್ಧರಿಸಿದರು. ಅವರೂ ಬೆನ್ ಕಿಂಗರೂ ಡೇವಿಡ್ ಅಬಟ್ಟರೂ ೧೯೯೭ರ ನವೆಂಬರಿನಲ್ಲಿ ಭಾರತಕ್ಕೆ ಬಂದು ಮೊದಲು ಪೂರ್ವದ ಸ್ಥಳಗಳನ್ನು ಶೋಧಿಸಿದರು. ಅಲ್ಲಿ ಬಯಲುಸೀಮೆಯ ಕಾಡು ಬಹಳ ಮಟ್ಟಿಗೆ ಹೊಲವಾಗಿ ಮಾರ್ಪಟ್ಟಿತ್ತು, ಗೂಗೆಯು ಸಿಕ್ಕಲಿಲ್ಲ. ಬಳಿಕ ಪಶ್ಚಿಮಕ್ಕೆ ಬಂದು, ಡೇವಿಡ್‌ಸನ್ನರು ತಿರುಗಾಡಿದ ಶಹಾದಾ ಪ್ರಾಂತದ ಸಾತಪುಡಾ ತಪ್ಪಲನ್ನು ಸೇರಿದರು. ನವೆಂಬರ್ ೨೫ರ ಬೆಳಗ್ಗೆ, ಬಿಸಿಲೇರುತ್ತಿದ್ದಾಗ, ಎಲೆಯುದುರಿದ ಮರವೊಂದರ ಮೇಲೆ ಕುಳಿತಿದ್ದ ಕಿರುಗೂಗೆಯೊಂದನ್ನು ಕಿಂಗರು ಮೊದಲು ಕಂಡರು. ನೆತ್ತಿಯಲ್ಲಿ ಚುಕ್ಕೆಗಳಿಲ್ಲ, ಹೊಟ್ಟೆಯು ಅಚ್ಚಬಿಳುಪು, ಕಾಲುಗಳಲ್ಲಿ ಬಿಳಿಯ ಗರಿಗಳು, ರೆಕ್ಕೆಬಾಲಗಳಲ್ಲಿ ದಪ್ಪನೆಯ ಪಟ್ಟೆಗಳು. ಸಂಗ್ರಹಾಲಯಗಳಲ್ಲಿ ಹಳೆಯ ಚರ್ಮಗಳನ್ನು ಒಂದೊಂದಾಗಿ ಪರೀಕ್ಷಿಸಿದ್ದವರಿಗೆ ಸಂಶಯಕ್ಕೆ ಎಡೆಯಿರಲಿಲ್ಲ. ಚಲಚ್ಚಿತ್ರದಲ್ಲಿಯೂ ಅದನ್ನು ಸೆರೆಹಿಡಿದರು. ಹೆಸರಿಗೂ ಹೆಸರುಳ್ಳ ಹಕ್ಕಿಗೂ ಇದ್ದ ಸಂಬಂಧವು ೧೧೩ ವರ್ಷಗಳ ತರುವಾಯ ಮತ್ತೆ ಪ್ರತ್ಯಕ್ಷವಾಯಿತು.

ಹೊತ್ತು ಬೆಳಗಿನದಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಸಂಸ್ಕೃತ ಕೋಶಕಾರರು ಗೂಗೆಗೆ ಕೊಟ್ಟಿರುವ ಹೆಸರುಗಳಲ್ಲಿ ಹಲವು ಅದರ ನ್ಯೂನತೆಯನ್ನೋ ಹಗೆತನವನ್ನೋ ಸೂಚಿಸತಕ್ಕವು. ಅಮರಸಿಂಹನು ಅದನ್ನು ವಾಯಸಾರಾತಿ, ಎಂದರೆ ಕಾಗೆಗಳ ಶತ್ರು, ಎಂದನು. ದಿವಾಂಧ, ದಿವಾಭೀತ ಎಂಬ ಪರ್ಯಾಯಗಳೂ ಉಂಟು. ಹಗಲು ಕುರುಡು, ಹಗಲಿಗಂಜುವುದು ಎಂದು ಇವುಗಳ ಅರ್ಥ. ಪಂಚತಂತ್ರದ ಕಾಕೋಲೂಕೀಯದ ಕಥೆಯೆಲ್ಲ ಈ ನಂಬಿಕೆಯ ಮೇಲೆ ನಿಂತಿದೆ. ಗೂಗೆಗಳಿಗೆ ಹಗಲು ಕಾಣದೆಂಬುದನ್ನು ಅರಿತ ಕಾಗೆಗಳು ಅವುಗಳ ಗವಿಯ ಬಾಯಿಗೆ ಸೌದೆಯೊಟ್ಟಿ ಬೆಂಕಿಯಿಟ್ಟುವು. ಮಹಾಭಾರತದ ಸೌಪ್ತಿಕಪರ್ವದಲ್ಲಿ, ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಇರುಳಲ್ಲಿ ಬಂದು ಕೊಂದ ಗೂಗೆಯನ್ನು ಕಂಡೇ ಅಶ್ವತ್ಥಾಮನು ನಿದ್ರಿತರ ವಧೆಯ ಉಪಾಯವನ್ನು ಕಲಿತನು. ಬ್ಲೆವಿಟ್ಟರ ಗೂಗೆಯು ಈ ಹೆಸರುಗಳಿಗೆಲ್ಲ ಅಪವಾದ. ಅದು ಹಗಲಿನಲ್ಲಿಯೇ ಬೇಟೆಯಾಡುವುದು. ಬೋಳುಮರದ ಕೊಂಬೆಯ ಮೇಲೆ ಬಿಸಿಲಿನಲ್ಲಿ ಬಹಿರಂಗವಾಗಿ ಕುಳಿತು, ಬಾಲವನ್ನು ಅತ್ತಿತ್ತ ಬೀಸುತ್ತ, ನೆಲವನ್ನು ನೋಡುತ್ತಿದ್ದು, ಬೇಟೆ ಕಂಡೊಡನೆ ಎರಗುವುದು.

೧೯೯೭ರ ತರುವಾಯ ಭಾರತೀಯ ಸಂಶೋಧಕರು ಸಾತಪುಡಾದ ತೋರಣಮಾಳ ಮೊದಲಾದ ಕಾಡುಗಳಲ್ಲಿ ತಂಗಿ ಇದರ ನಡೆನುಡಿಗಳನ್ನು ವಿವರವಾಗಿ ಬರೆದಿಟ್ಟರು. ಇದರ ಮುಖ್ಯ ಆಹಾರ ಓತಿ, ಹಾವುರಾಣಿ ಮುಂತಾದವು. ಇಲಿಗಳು, ಮಿಡತೆಯಂಥ ಕೀಟಗಳು, ಕಪ್ಪೆಗಳು, ಅಪೂರ್ವವಾಗಿ ಚಿಕ್ಕ ಹಕ್ಕಿಗಳು ಆ ಮೇಲಿನವು. ಗಂಡುಹೆಣ್ಣುಗಳು ಪರಸ್ಪರ ಕೂಗಿಕೊಳ್ಳುವುದು ಚಳಿಗಾಲದಲ್ಲಿ, ವಿಶೇಷವಾಗಿ ಜನವರಿ ಫೆಬ್ರವರಿಗಳಲ್ಲಿ, ಹೆಚ್ಚು. ಹಳೆಯ ಮರಗಳ ಪೊಟರೆಗಳಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುವುದು. ಹೆಣ್ಣು ಕಾವು ಕೂರುವಾಗ ಗಂಡು ಬೇಟೆಯನ್ನು ತಂದೊದಗಿಸುವುದು. ಮರಿಗಳು ಸುಮಾರು ೩೦ ದಿನಗಳಲ್ಲಿ ಗೂಡನ್ನು ಬಿಡುವುವು. ಗಂಡು ತನ್ನ ಮರಿಯನ್ನೇ ತಿಂದುದೂ ಕಂಡುಬಂದಿದೆ. ಇದು ಕೇಳುವವರಿಗೆ ಕ್ರೂರವಾಗಿ ತೋರಬಹುದು; ಆದರೆ ಸೃಷ್ಟಿಯ ಚರಿತ್ರೆಯನ್ನು ಬರೆಯುವವರು ಇಷ್ಟವಾದುದನ್ನು ಬರೆದು ಅನಿಷ್ಟವಾದುದನ್ನು ಬಿಡತಕ್ಕುದಲ್ಲ.

ಹ್ಯೂಮರು ಇದಕ್ಕೆ ಬೇರೊಂದು ಕುಲವನ್ನು ಕಲ್ಪಿಸಿದುದು ಸರಿಯೇ ಎಂಬ ವಿವಾದವೂ ಶತಮಾನಕ್ಕೆ ಮೀರಿ ನಡೆಯಿತು. ಕೆಲವರು ಇದನ್ನು ಹಾಲಕ್ಕಿಯ ಕುಲವಾದ 'ಅಥೀನೆ'ಗೆ ಸೇರಿಸಿದರು. ಗ್ರೀಕರಲ್ಲಿ ವಿದ್ಯಾಧಿದೇವತೆಯಾದ ಅಥೀನೆಗೆ ಗೂಗೆಯು ಪ್ರಿಯವಾದುದರಿಂದ ಆ ಕುಲಕ್ಕೆ ಆ ಹೆಸರು. ಬೇರೆ ಕೆಲವರು ರಚನೆಯ ಭೇದಗಳನ್ನು ತೋರಿಸಿ ಹ್ಯೂಮರ ಪಕ್ಷವನ್ನು ಹಿಡಿದರು. ೨೦೧೮ರಲ್ಲಿ ಭಾರತೀಯ ಸಂಶೋಧಕರು ಅನುವಂಶಿಕ ದ್ರವ್ಯದ ಪರೀಕ್ಷೆಯನ್ನು ಪ್ರಕಟಿಸಿ, ಇದು ಅಥೀನೆಯ ಕುಲದ ಒಳಗೇ ಸೇರತಕ್ಕುದೆಂದು ತೋರಿಸಿದರು. ಹಾಲಕ್ಕಿಗೂ ಇದಕ್ಕೂ ಇರುವ ಹೋಲಿಕೆಯು ಕೇವಲ ಕಣ್ಣಿನ ಭ್ರಮೆಯಲ್ಲ, ನೆಂಟಸ್ತಿಕೆಯೇ ಎಂದಾಯಿತು. ಆದರೂ ಅದು ಬೇರೆಯೇ ಜಾತಿಯೆಂದು ಒಂದೇ ಚರ್ಮದಿಂದ ತೀರ್ಮಾನಿಸಿದ ಹ್ಯೂಮರ ಕಣ್ಣು ತಪ್ಪಲಿಲ್ಲ.

ಎಲ್ಲಿ ಹುಡುಕಬೇಕು, ಏನನ್ನು ನೋಡಬೇಕು, ಯಾವ ಕೂಗನ್ನು ಕೇಳಬೇಕು ಎಂಬುದು ಗೊತ್ತಾದ ಮೇಲೆ ಹಕ್ಕಿಯು ಹೊಸ ಹೊಸ ಸ್ಥಳಗಳಲ್ಲಿ ಸಿಕ್ಕತೊಡಗಿತು. ಮಹಾರಾಷ್ಟ್ರದ ಮೇಳಘಾಟ್ ಮತ್ತು ಯಾವಲ್ ಕಾಡುಗಳು, ಮಧ್ಯಪ್ರದೇಶದ ಖಂಡವಾ ಮತ್ತು ಬುರ್‌ಹಾನ್‌ಪುರದ ಕಾಡುಗಳು, ಗುಜರಾತದ ಡಾಂಗ್ ಸೀಮೆ ಇವುಗಳಲ್ಲಿ ಅದು ಕಂಡಿದೆ. ೨೦೧೪ರಲ್ಲಿ ಮುಂಬಯಿಗೆ ಅನತಿದೂರದಲ್ಲಿರುವ ತಾನಸಾ ಅಭಯಾರಣ್ಯದಲ್ಲಿಯೂ ಕಾಣಿಸಿಕೊಂಡಿತು. ಅಂತರರಾಷ್ಟ್ರೀಯ ಪ್ರಕೃತಿಸಂರಕ್ಷಣ ಸಂಘವು ಇದನ್ನು ಅತ್ಯಂತ ಸಂಕಟದಲ್ಲಿರುವ ಪಕ್ಷಿಗಳ ಪಟ್ಟಿಯಿಂದ ತೆಗೆದು, ೨೦೧೮ರಲ್ಲಿ, ಅದಕ್ಕಿಂತ ಒಂದು ಮೆಟ್ಟಲು ಕಡಮೆಯ ಅಪಾಯದ ಪಟ್ಟಿಗೆ ಸೇರಿಸಿತು. ಇದರಿಂದ ಹಕ್ಕಿಯು ಪಾರಾಯಿತೆಂದು ತಿಳಿಯಬಾರದು. ಪ್ರಾಯಕ್ಕೆ ಬಂದ ಹಕ್ಕಿಗಳ ಸಂಖ್ಯೆಯನ್ನು ೨೫೦ಕ್ಕೂ ೯೯೯ಕ್ಕೂ ನಡುವೆ ಎಂದು ಅಂದಾಜು ಮಾಡಿರುವರು. ಒಂದು ದೊಡ್ಡ ಹಳ್ಳಿಯ ಜನಸಂಖ್ಯೆಗಿಂತಲೂ ಇದು ಕಡಮೆ.

ಅದರ ಕಷ್ಟಕ್ಕೆ ಕಾರಣಗಳು ಹಲವು. ತೇಗದ ಬಯಲುಗಾಡುಗಳು ಹೊಲಗಳಾಗುತ್ತಿವೆ. ಮೊಟ್ಟೆಯಿಡಲು ಪೊಟರೆ ಬೇಕು. ಪೊಟರೆಯಾಗಲು ಮರವು ಮುಪ್ಪಾಗಬೇಕು. ಮುಪ್ಪಾದ ಮರವನ್ನೇ ಮೊದಲು ಕಡಿಯುವರು. ಕಾಡುಗಿಚ್ಚೂ ದನಗಳ ಮೇವೂ ಉಳಿದುದನ್ನು ಕೆಡಿಸುವುವು. ಇವೆಲ್ಲಕ್ಕಿಂತ ಹಳೆಯದು ಗೂಗೆಯ ಮೇಲಿನ ಅಪವಾದ. ಅದು ಕೂಗಿದರೆ ಮನೆಯಲ್ಲಿ ಸಾವೆಂಬ ಭಯ, ಅದರ ಮೈಯ ಭಾಗಗಳಿಂದ ಮಾಟ ನಡೆಯುವುದೆಂಬ ದುರಾಶೆ, ಇವೆರಡೂ ದೇಶದ ಅನೇಕ ಕಡೆಗಳಲ್ಲಿ ಗೂಗೆಗಳ ಪ್ರಾಣಕ್ಕೆ ಎರವಾಗಿವೆ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಬ್ಲೆವಿಟ್ಟರ ಗೂಗೆಗೆ ಪರಮಾವಧಿ ರಕ್ಷಣೆಯನ್ನು ಕೊಟ್ಟಿದೆ. ಕಾಯಿದೆಯು ಕೈಯನ್ನು ತಡೆಯಬಲ್ಲದು, ನಂಬಿಕೆಯನ್ನು ತಿದ್ದಲಾರದು. ವಂಗದೇಶದ ಮನೆಗಳಲ್ಲಿ ಗೂಗೆಯು ಲಕ್ಷ್ಮೀದೇವಿಯ ವಾಹನವಾಗಿ ಪೂಜೆಗೊಳ್ಳುತ್ತದೆ. ಕಣಾದರ ವೈಶೇಷಿಕದರ್ಶನಕ್ಕೆ ಮಾಧವಾಚಾರ್ಯರ ಸರ್ವದರ್ಶನಸಂಗ್ರಹದಲ್ಲಿ ಔಲೂಕ್ಯದರ್ಶನವೆಂಬ ಹೆಸರಿದೆ. ಒಂದೇ ಹಕ್ಕಿಯು ಒಂದೆಡೆ ಅಮಂಗಳ, ಮತ್ತೊಂದೆಡೆ ಮಂಗಳ. ಆದುದರಿಂದ ದೋಷವು ಹಕ್ಕಿಯಲ್ಲಿಲ್ಲ. ಅದನ್ನು ಕಂಡವರ ಸಂಸ್ಕಾರದಲ್ಲಿದೆ.

ಆಪ್ತನೆಂದರೆ ಯಾರೆಂಬುದನ್ನು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ವಿಚಾರಿಸಿದ್ದಾನೆ. ವಸ್ತುವನ್ನು ಸಾಕ್ಷಾತ್ತಾಗಿ ಕಂಡವನೂ, ಕಂಡಂತೆ ಹೇಳಲು ಬಯಸುವವನೂ ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂಬುದು ಅವನ ತೀರ್ಮಾನ. ಕುಲದಿಂದಲೂ ಪದವಿಯಿಂದಲೂ ಯಾರೂ ಆಪ್ತರಾಗುವುದಿಲ್ಲ. ಮೈನರ್ಟ್‌ಜ್ಹಾಗನನಿಗೆ ಪದವಿಯಿತ್ತು, ಪಾಂಡಿತ್ಯವಿತ್ತು. ಕಂಡಂತೆ ಹೇಳುವ ಇಚ್ಛೆಯಿರಲಿಲ್ಲ. ಬ್ಲೆವಿಟ್ಟರೂ ಡೇವಿಡ್‌ಸನ್ನರೂ ಆತನಷ್ಟು ಪ್ರಸಿದ್ಧರಲ್ಲ. ಊರನ್ನೂ ತಾರೀಖನ್ನೂ ನಿಜವಾಗಿ ಬರೆದಿಟ್ಟರು. ನೂರು ವರ್ಷಗಳಿಗೆ ಮೀರಿ ಮಣ್ಣಾಗದೆ ಉಳಿದ ಅವರ ಪುಟ್ಟ ಚೀಟಿಗಳೇ ಕಡೆಗೆ ಕಾಡಿನ ದಾರಿಯನ್ನು ತೋರಿಸಿದುವು. ಊರೂರಿನ ಶಾಸನ, ಓಲೆಗರಿ, ಮರಗಿಡ, ಮೃಗಪಕ್ಷಿಗಳ ವಿಷಯವಾಗಿ ಒಂದು ಸಾಲನ್ನು ಬರೆದಿಡುವ ಪ್ರತಿಯೊಬ್ಬರ ಮೇಲೆಯೂ ಈ ಭಾರವಿದೆ. ಬರೆದ ಸಾಲು ನಿಜವಾದರೆ, ಇಂದು ಯಾರೂ ಓದದಿದ್ದರೂ, ಒಂದು ಶತಮಾನದ ತರುವಾಯ ಅದು ಒಂದು ಜೀವಕುಲದ ರಕ್ಷಣೆಗೆ ಒದಗಬಹುದು. ಸುಳ್ಳಾದರೆ, ಬದುಕಿರುವ ಹಕ್ಕಿಯನ್ನು ಸತ್ತವುಗಳ ಪಟ್ಟಿಗೆ ಸೇರಿಸಿ, ಅದರ ಮರವನ್ನು ಕಡಿಯಲು ದಾರಿಮಾಡಿಕೊಡಬಹುದು.